ಹಾಲುಕ್ಕಿದ ತಾರೀಖು

ಮೊನ್ನೆ ನಮ್ಮ ಮೇಲಿನ ಮನೆಗೆ ಹೊಸ ಬಾಡಿಗೆಯವರು ಬಂದರು. ಹೊಸಕೋಟೆ ಕಡೆಯ ಗಂಡ ಹೆಂಡತಿ, ಆತ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಬಂದ ದಿನವೇ ಹಾಲು ಉಕ್ಕಿಸಿದರು. ಉಕ್ಕಿಸಿದರು ಅನ್ನುವುದಕ್ಕಿಂತ ಸೀಯಿಸಿದರು ಅನ್ನಬೇಕು. ಒಲೆ ಆರಿಸುವುದು ಬಿಟ್ಟು ಇಬ್ಬರೂ ಫೋಟೋ ತೆಗೆದುಕೊಳ್ಳುತ್ತಾ ನಿಂತಿದ್ದರಂತೆ. ಸೀದ ಹಾಲಿನ ವಾಸನೆ ಮೆಟ್ಟಿಲಿಳಿದು ನನ್ನ ನಡುಮನೆಗೆ ಬಂತು. ಎದುರುಮನೆಯ ರತ್ನಮ್ಮ ತನ್ನ ಬಾಗಿಲಲ್ಲೇ ನಿಂತು, "ಆಷಾಢದಲ್ಲಿ ಯಾರಾದ್ರೂ ಹಾಲುಕ್ಕಿಸ್ತಾರೇನೇ ಸರೋಜಾ? ನಿಂಗೇನು ಬಂದಿದೆ ರೋಗ?" ಅಂದಳು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಒಬ್ಬಳ ಮುಖ ಕಾಣುತ್ತದೆ, ಆ ಮುಖಕ್ಕೆ ನನ್ನ ಮೇಲೆ ಸಿಟ್ಟಿದೆ.

ನಾನು ದೇವನಹಳ್ಳಿಯವಳು. ಕೋಟೆಯ ಹಿಂದಿನ ಬೀದಿಯಲ್ಲಿ ಕೆಳಗಿನ ಮನೆ ಅಪ್ಪ ಕಟ್ಟಿಸಿದ್ದು, ಮೇಲಿನದು ನನ್ನ ಸಂಪಾದನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಕೆನಿಸಿದವರಿಗೆ ನನ್ನ ಬಾಯಿಯ ಪರಿಚಯವಿದೆ, ಹಾಗಾಗಿ ಯಾರೂ ಕೇಳುವುದಿಲ್ಲ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತೆಯಾಗಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಕುಳಿತದ್ದು ವಾಸಸ್ಥಳ ದೃಢೀಕರಣದ ಮೇಜಿನಲ್ಲಿ. "ನಿಜವಾಗ್ಲೂ ಅಲ್ಲೇ ವಾಸ ಇದೀರಾ?" ಎಂದು ನಾನು ಕನ್ನಡಕದ ಮೇಲಿಂದ ನೋಡಿದರೆ ಗಟ್ಟಿ ಗಂಡಸರೂ ತೊದಲುತ್ತಿದ್ದರು. ಕಾಗದದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಹೇಳಿದರೆ ಕೇಳುತ್ತಲೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಜ್ಯೇಷ್ಠ ಮುಗಿಯಲು ಒಂದು ವಾರವಿದ್ದಾಗ, ಮನೆ ಕೊಡಿಸುವ ಮುನಿರಾಜು ಬಂದ. ಮೇಲಿನ ಮನೆ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು.

"ಅಮ್ಮಾ, ಒಂದು ಪಾರ್ಟಿ ಇದೆ. ಒಬ್ಬರೇ ಹೆಣ್ಣುಮಗಳು. ಇಲ್ಲೇ ಹೊಸ ಕಾಲೇಜಿಗೆ ದೊಡ್ಡ ಓದು ಓದಕ್ಕೆ ಬರ್ತಾವ್ರೆ. ಆದ್ರೆ ಈಗ್ಲೇ ಹೇಳ್ಬಿಡ್ತೀನಿ, ಆಫ್ರಿಕಾದೋರು. ಹನ್ನೊಂದು ಮನೇಲಿ ಆಗಲ್ಲ ಅಂದವ್ರೆ."

ನಾನೂ ಹನ್ನೆರಡನೆಯವಳಾಗಿ ಆಗಲ್ಲ ಅನ್ನುವವಳೇ. ಬಾಯಿ ತೆರೆಯುವಷ್ಟರಲ್ಲಿ ರತ್ನಮ್ಮ ತನ್ನ ಜಗಲಿಯಿಂದ ಕೂಗಿದಳು: "ಬೇಡ ಕಣೇ ಸರೋಜಾ, ಅವ್ರೆಲ್ಲಾ ಏನೇನ್ ಮಾಡ್ತಾರೆ ಅಂತ ಟೀವೀಲಿ ನೋಡಿಲ್ವಾ? ಬೀದಿ ಮರ್ಯಾದೆ ಏನಾಗ್ಬೇಕು?" ನನ್ನ ಮನೆಯನ್ನು ಯಾರಿಗೆ ಕೊಡಬೇಕು ಅಂತ ಇವಳು ಹೇಳುವುದೇ? ಮೈ ಉರಿದುಹೋಯಿತು. "ಬರಕ್ಕೆ ಹೇಳು ಮುನಿರಾಜು" ಅಂದೆ. ಇದನ್ನು ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ನಾನು ಆ ಹುಡುಗಿಗೆ ಮನೆ ಕೊಟ್ಟದ್ದು ರತ್ನಮ್ಮನ ಹೊಟ್ಟೆ ಉರಿಸುವುದಕ್ಕೆ.

ಆದರೆ ಅವಳು ಬರುವುದು ಆಷಾಢ ಶುರುವಾಗಿ ಎಂಟು ದಿನಕ್ಕೆ. ಆಷಾಢದಲ್ಲಿ ಹೊಸಬರನ್ನು ಮನೆಗೆ ಸೇರಿಸುವುದು ನಮ್ಮಲ್ಲಿಲ್ಲ. ಇದಕ್ಕೆ ನಾವೆಲ್ಲ ಮಾಡುವ ಉಪಾಯ ಒಂದಿದೆ. ತಿಂಗಳು ಮುಗಿಯುವುದರೊಳಗೆ ಒಂದು ಒಳ್ಳೆಯ ದಿನ ನೋಡಿ, ಬರುವವರ ಹೆಸರಿನಲ್ಲಿ ಹಾಲು ಉಕ್ಕಿಸಿ, ಒಂದು ಪಾತ್ರೆಯಲ್ಲಿ ಅಕ್ಕಿ, ಬೆಲ್ಲ ಇಟ್ಟು ದೀಪ ಹಚ್ಚಿ ಬೀಗ ಹಾಕಿಬಿಟ್ಟರೆ ಅವರು ಅವತ್ತೇ ಬಂದ ಲೆಕ್ಕ. ಆಮೇಲೆ ಮನುಷ್ಯರು ಯಾವತ್ತು ಬಂದರೂ ದೋಷವಿಲ್ಲ. ಅಮಾವಾಸ್ಯೆಗೆ ಎರಡು ದಿನ ಮುಂಚೆ ನಾನೇ ಮೇಲೆ ಹೋಗಿ ಒಲೆಗೆ ಅರಿಶಿನ ಕುಂಕುಮ ಇಟ್ಟು ಹಾಲು ಉಕ್ಕಿಸಿದೆ. ಸ್ವಲ್ಪ ಸೀದಿತು. ಅಕ್ಕಿ ಬೆಲ್ಲದ ಹಿತ್ತಾಳೆ ಪಾತ್ರೆಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟು ಬಂದೆ.

ಕರಾರು ಪತ್ರವನ್ನೂ ನಾನೇ ಬರೆದೆ. ಹನ್ನೊಂದು ತಿಂಗಳ ಕರಾರು, ಶುದ್ಧ ಕಚೇರಿ ಕನ್ನಡ. "ಬಾಡಿಗೆದಾರರು ಈ ದಿವಸ ಸದರಿ ಮನೆಯನ್ನು ಪ್ರವೇಶಿಸಿ ವಾಸವಾಗಿರುತ್ತಾರೆ" ಎಂದು ಬರೆದು, ಕೆಳಗೆ ಹಾಲುಕ್ಕಿದ ದಿನದ ತಾರೀಖು ಹಾಕಿದೆ.

ಮುನಿರಾಜು ಓದಿ ತಲೆ ಕೆರೆದುಕೊಂಡ. "ಅಮ್ಮಾ, ಅವ್ರಿನ್ನೂ ಬಂದೇ ಇಲ್ವಲ್ಲಾ."

"ಮೂವತ್ತೊಂದು ವರ್ಷ ಇದೇ ಬರ್ದಿದೀನಿ. ನೀನು ನಂಗೆ ಹೇಳ್ಕೊಡ್ತೀಯಾ?"

ಅವನು ಸುಮ್ಮನೆ ಅದನ್ನು ಫೋನಿನಲ್ಲಿ ಅವಳಿಗೆ ಕಳಿಸಿದ. ಅವಳು ಅಲ್ಲಿಂದಲೇ ಸಹಿ ಮಾಡಿ ಕಳಿಸಿದಳು. ಕನ್ನಡ ಅಕ್ಷರ ಅವಳಿಗೆ ಇರುವೆ ಸಾಲಿನ ಹಾಗೆ ಕಂಡಿರಬೇಕು. ನಂಬಿ ಸಹಿ ಹಾಕಿದ್ದಳು.

ಅವಳ ಹೆಸರು ಅಕಿನ್ಯಿ. ಕೆನ್ಯಾದವಳು, ಇಪ್ಪತ್ತಾರು ವರ್ಷ. ಬಂದ ದಿನ ಮಳೆಯಿಲ್ಲದ ಮೋಡ, ಆಷಾಢದ ಹುಚ್ಚು ಗಾಳಿ. ರಸ್ತೆ ಕೆಲಸದ ಕೆಂಪು ಧೂಳೆಲ್ಲ ನಮ್ಮ ಬೀದಿಗೇ ಬರುತ್ತಿತ್ತು. ಎರಡು ದೊಡ್ಡ ಪೆಟ್ಟಿಗೆ ಹಿಡಿದುಕೊಂಡು ಇಳಿದಳು. ಬೀದಿಯಲ್ಲಿ ಒಂದೊಂದು ಬಾಗಿಲಲ್ಲೂ ಒಂದೊಂದು ತಲೆ. ಯಾರೂ ಪೆಟ್ಟಿಗೆಗೆ ಕೈ ಕೊಡಲಿಲ್ಲ, ನಾನೂ ಕೊಡಲಿಲ್ಲ. ಅವಳು ಮೆಟ್ಟಿಲು ಹತ್ತುವ ಮೊದಲೇ ನನ್ನ ನಿಯಮಗಳನ್ನು ಒಪ್ಪಿಸಿದೆ. ಚಪ್ಪಲಿ ಕೆಳಗೆ, ಮಾಂಸ ಬೇಯಿಸುವ ಹಾಗಿಲ್ಲ, ಗಂಡಸರು ಬರುವ ಹಾಗಿಲ್ಲ, ಹತ್ತು ಗಂಟೆಗೆ ಗೇಟಿಗೆ ಬೀಗ. ಅವಳು ಪೂರ್ತಿ ಕೇಳಿ, "ನನ್ನದೂ ಒಂದು ನಿಯಮವಿದೆ. ಬಾಗಿಲು ತಟ್ಟದೆ ನನ್ನ ಮನೆಯೊಳಗೆ ಬರಬೇಡಿ" ಅಂದಳು. ಅವಳ ಮಾತೆಲ್ಲ ಇಂಗ್ಲಿಷ್. ನೆನಪಿರುವುದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ "ನನ್ನ ಮನೆ" ಎಂದು ಅವಳು ಒತ್ತಿ ಹೇಳಿದ್ದು ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ.

ಅರ್ಧ ಗಂಟೆಗೆ ನನ್ನ ಹಿತ್ತಾಳೆ ಪಾತ್ರೆ ತೊಳೆದು, ಮೆಟ್ಟಿಲ ಕೆಳಗೆ ಬೋರಲು ಹಾಕಿದ್ದಳು. ಅಕ್ಕಿ ಬೆಲ್ಲಕ್ಕೆ ಇರುವೆ ಹತ್ತಿತ್ತಂತೆ, ಕಸದ ಬುಟ್ಟಿಗೆ ಸುರಿದಿದ್ದಳು. "ಅದು ನಿನ್ನ ಹೆಸರಲ್ಲಿ ಇಟ್ಟಿದ್ದು" ಅಂದೆ. "ಹಿಂದಿನವರು ಬಿಟ್ಟುಹೋದ ಗಲೀಜು ಅಂದುಕೊಂಡೆ" ಅಂದಳು. ಗಲೀಜಂತೆ. ಆ ದಿನವೇ ನಾವಿಬ್ಬರೂ ಶತ್ರುಗಳಾದೆವು.

ವಿದೇಶದವರಿಗೆ ಮನೆ ಕೊಟ್ಟರೆ ಮಾಲೀಕರು ಒಂದು ದಿನದೊಳಗೆ ಕಂಪ್ಯೂಟರಿನಲ್ಲಿ ಒಂದು ಫಾರಂ ತುಂಬಬೇಕು ಎಂದು ಮುನಿರಾಜು ಹೇಳಿದ. ಸೈಬರ್ ಅಂಗಡಿಗೆ ಹೋಗಿ ಕೂತೆ. "ಮನೆಗೆ ಬಂದ ದಿನ ಯಾವ್ದಮ್ಮಾ?" ಎಂದು ಅಂಗಡಿಯವನು ಕೇಳಿದ. ಕರಾರಿಗೂ ಫಾರಮಿಗೂ ತಾಳೆಯಾಗಬೇಕಲ್ಲ. ಹಾಲುಕ್ಕಿದ ತಾರೀಖನ್ನೇ ಹೇಳಿದೆ. ಒಂದು ಕಾಗದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರಬಾರದು ಅನ್ನುವುದು ನನ್ನ ಕೆಲಸದ ಮೊದಲ ಪಾಠ. ಕಾಗದಕ್ಕೂ ಮನುಷ್ಯರಿಗೂ ವ್ಯತ್ಯಾಸ ಬಂದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಆ ಎರಡು ವಾರ ಬೀದಿ ಅವಳನ್ನು ನಡೆಸಿಕೊಂಡ ರೀತಿ ನೆನೆದರೆ ಈಗ ನಾಚಿಕೆಯಾಗುತ್ತದೆ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದ. ಹಾಲಿನವನು ಮೇಲೆ ಹತ್ತುವುದಿಲ್ಲ ಎಂದ. ಬಸ್ ಸ್ಟಾಪಿನಲ್ಲಿ ಅವಳ ಪಕ್ಕ ನಿಂತವರು ಎರಡು ಹೆಜ್ಜೆ ಸರಿಯುತ್ತಿದ್ದರು. ನಾನು ನೋಡಿದೆ, ಏನೂ ಅನ್ನಲಿಲ್ಲ. ಅವಳು ಯಾರಿಗೂ ತಲೆ ತಗ್ಗಿಸಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ರತ್ನಮ್ಮ ಮನೆಮನೆಗೆ ಹೋಗಿ ಸಹಿ ಹಾಕಿಸಿ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟಳು. ನಮ್ಮ ಬೀದಿಯಲ್ಲಿ ಯಾರೋ ಗೊತ್ತಿಲ್ಲದವರು ವಾಸವಿದ್ದಾರೆ ಎಂದು.

ಹನ್ನೊಂದನೆಯ ದಿನ ಬೆಳಿಗ್ಗೆ ಅಕಿನ್ಯಿ ಕೆಳಗಿಳಿದು ಬಂದಳು. ಬಾಗಿಲು ತಟ್ಟಿಯೇ ಬಂದಳು. ಕೈಯಲ್ಲಿ ಫೋನು. ದೇಶಕ್ಕೆ ಬಂದು ಹದಿನಾಲ್ಕು ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಾಗಬೇಕು. ಅವಳ ಅರ್ಜಿ ವಾಪಸ್ಸಾಗಿತ್ತು. ಪಾಸ್‌ಪೋರ್ಟಿನ ಮುದ್ರೆಯ ಪ್ರಕಾರ ಈಕೆ ಭಾರತಕ್ಕೆ ಬಂದದ್ದು ಇಂಥ ದಿನ, ಮಾಲೀಕರ ಪ್ರಕಾರ ಅದಕ್ಕೂ ಹತ್ತು ದಿನ ಮುಂಚಿನಿಂದ ಈ ಮನೆಯಲ್ಲಿ ವಾಸವಿದ್ದಾರೆ, ಹಾಗಾದರೆ ಆ ಹತ್ತು ದಿನ ಅಲ್ಲಿದ್ದವರು ಯಾರು ಎಂದು ಕೇಳಿದ್ದರು. ಠಾಣೆಯಿಂದ ಹೋಗಿದ್ದ ರತ್ನಮ್ಮನ ಅರ್ಜಿಯೂ ಆ ಕಡತದಲ್ಲೇ ಸೇರಿತ್ತು. ಮಾಲೀಕರನ್ನು ಕರೆದುಕೊಂಡು ಹದಿಮೂರನೆಯ ದಿನ ಖುದ್ದಾಗಿ ಬರಬೇಕು.

"ನಾನು ಅಮ್ಮನ ಮನೆಯಲ್ಲಿದ್ದಾಗ ಇಲ್ಲಿದ್ದೆ ಅಂತ ಯಾಕೆ ಬರೆದಿರಿ?" ಎಂದು ಕೇಳಿದಳು.

ಹಾಲಿನ ವಿಷಯ ಹೇಳಿದೆ. ಆಷಾಢ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಅದು ನನಗೇ ಹುಚ್ಚರ ಮಾತಿನ ಹಾಗೆ ಕೇಳಿಸಿತು.

"ಅಂದರೆ ನನ್ನ ಬದಲಿಗೆ ಒಂದು ಪಾತ್ರೆ ವಾಸವಿತ್ತು."

"ಸಂಪ್ರದಾಯ ಅದು. ನಿಂಗೆ ಅರ್ಥ ಆಗಲ್ಲ."

"ನನಗೆ ಅರ್ಥವಾಗುವುದು ಇಷ್ಟೇ ಮೇಡಂ. ಈ ವಿಳಾಸ ದಾಖಲಾಗದಿದ್ದರೆ ನನ್ನನ್ನು ವಾಪಸ್ ಕಳಿಸಬಹುದು. ನಮ್ಮಮ್ಮ ಈ ಓದಿಗಾಗಿ ಹಸು ಕರು ಎಲ್ಲ ಮಾರಿದ್ದಾಳೆ. ನಿಮ್ಮ ಮನೆ ನನಗೆ ಇಷ್ಟ ಅಂದುಕೊಂಡಿದ್ದೀರಾ? ನಿಮ್ಮ ಕಣ್ಣು ಇಪ್ಪತ್ತನಾಲ್ಕು ಗಂಟೆಯೂ ಮೆಟ್ಟಿಲ ಮೇಲಿರುತ್ತದೆ. ನಾಳೆಯೇ ಬಿಟ್ಟು ಹೋಗುತ್ತಿದ್ದೆ. ಆದರೆ ಬೇರೆ ಮನೆ ಹುಡುಕುವುದಕ್ಕೆ ಬೇಕಾದರೂ ನಾನು ಈ ದೇಶದಲ್ಲಿ ಇರಬೇಕಲ್ಲ."

"ನಂಗೂ ನೀನು ಇಷ್ಟ ಇಲ್ಲ" ಅಂದೆ. ಅವಳು "ಗೊತ್ತು" ಅಂದು ಮೇಲೆ ಹೋದಳು.

ಮಧ್ಯಾಹ್ನ ಮುನಿರಾಜು ಬಂದ. "ಅಮ್ಮಾ, ನೀವ್ಯಾಕೆ ತಲೆ ಕೊಡ್ತೀರಾ? ಹುಡುಗೀನೇ ತಪ್ಪು ತಾರೀಖು ಹೇಳ್ತು, ನಾನು ನಂಬ್ಕೊಂಡು ಬರ್ದೆ ಅಂತ ಒಂದು ಅಫಿಡವಿಟ್ ಕೊಟ್ಬಿಡಿ. ಪೆನ್ಷನ್ ತಗಳೋರು ನೀವು. ಸುಳ್ಳು ಬರ್ಕೊಟ್ಟೆ ಅಂತ ಒಪ್ಕೊಂಡ್ರೆ ನಾಳೆ ಏನೇನಾಗುತ್ತೋ. ಆ ಹುಡುಗಿ ಏನು, ಇವತ್ತು ಇರುತ್ತೆ ನಾಳೆ ಹೋಗುತ್ತೆ."

ಅದನ್ನು ಬರೆದೆ. ಹೌದು, ಬರೆದೆ. ನನ್ನದೇ ದುಂಡು ಅಕ್ಷರದಲ್ಲಿ ಕರಡು ಮಾಡಿ, ಛಾಪಾ ಕಾಗದಕ್ಕೆ ಇಳಿಸಿ, ಸಹಿಯನ್ನೂ ಹಾಕಿದೆ. ಹಾಕಿದ ಮೇಲೆ ಅದನ್ನು ಇನ್ನೊಮ್ಮೆ ಓದಿದೆ.

ನನಗೆ ಇಪ್ಪತ್ನಾಲ್ಕು ವರ್ಷವಿದ್ದಾಗ ಹೊಸಕೋಟೆಗೆ ಹಾಕಿದ್ದರು. ಒಂಟಿ ಹೆಣ್ಣಿಗೆ ಕೋಣೆ ಕೊಡುವವರಿಲ್ಲದೆ ಊರೆಲ್ಲ ಅಲೆದಿದ್ದೆ. ಒಬ್ಬಳೇನಾ, ಯಾರು ಬರ್ತಾರೆ, ಯಾರು ಹೋಗ್ತಾರೆ ಎಂದು ಎಲ್ಲರೂ ಕೇಳಿದ್ದರು. ಕೊನೆಗೆ ಒಬ್ಬರು ಹಿತ್ತಲ ಕೋಣೆ ಕೊಟ್ಟರು. ಆದರೆ ರೇಷನ್ ಕಾರ್ಡಿಗೆ ನಾನು ಅಲ್ಲಿದ್ದೇನೆ ಎಂದು ಎರಡು ಸಾಲು ಬರೆದುಕೊಡಲು ಕೇಳಿದರೆ, "ನಮ್ಮನೇಲಿ ಯಾರೂ ಇಲ್ಲಮ್ಮ" ಎಂದು ನನ್ನ ಮುಖಕ್ಕೇ ಹೇಳಿದರು. ಮೂರು ವರ್ಷ ಆ ಕೋಣೆಯಲ್ಲಿ ಉಂಡು, ಮಲಗಿ, ಜ್ವರ ಬಂದು ನರಳಿದ್ದೇನೆ. ನಾನು ಹೊಸಕೋಟೆಯಲ್ಲಿ ವಾಸವಿದ್ದೆ ಅನ್ನಲು ಒಂದು ಚೀಟಿಯೂ ಇಲ್ಲ. ಇದೆಲ್ಲ ಮರೆತಿದ್ದೆ ಅನ್ನಲಾರೆ. ನೆನಪಿದ್ದೂ ಆ ಹುಡುಗಿಯ ಮುಂದೆ ಅವೇ ಅನುಮಾನಗಳನ್ನು ನಿಯಮ ಮಾಡಿ ಒಪ್ಪಿಸಿದ್ದೆ.

ಸಂಜೆಗೆ ಇನ್ನೊಂದು ಛಾಪಾ ಕಾಗದ ತರಿಸಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಎರಡನ್ನೂ ಚೀಲದಲ್ಲಿಟ್ಟುಕೊಂಡೆ. ಯಾವುದನ್ನು ಕೊಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಇದು ಸುಳ್ಳಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಕೂತದ್ದು ಒಂದೇ ಸೀಟಿನಲ್ಲಿ. ಟಿಕೆಟ್ಟು ಬೇರೆ ಬೇರೆ. ಕಚೇರಿಯಲ್ಲಿ ಎರಡು ಗಂಟೆ ಕಾದ ಮೇಲೆ ಕರೆದರು. ಅಧಿಕಾರಿ ಚಿಕ್ಕ ವಯಸ್ಸಿನವರು, ಕನ್ನಡದವರು. ಅವಳನ್ನು ಕೂರಿಸಿ, ನನ್ನ ಕಾಗದಗಳನ್ನು ಮುಂದಿಟ್ಟುಕೊಂಡು ನನ್ನ ಜೊತೆ ಕನ್ನಡದಲ್ಲೇ ಮಾತಾಡಿದರು. ಅವಳಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಅವರ ಮುಖ ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಬೀದಿಯಲ್ಲಿ ಒಂದು ದಿನವೂ ಅಂಜದ ಹುಡುಗಿ. ಆಗ ನಾನು ಏನು ಹೇಳಿದರೂ ನಡೆಯುತ್ತಿತ್ತು.

"ಮೇಡಂ, ನೀವೂ ಸರ್ಕಾರಿ ಕೆಲಸದಲ್ಲಿದ್ದವರು. ನೇರವಾಗಿ ಕೇಳ್ತೀನಿ. ಇವರು ನಿಜವಾಗ್ಲೂ ನಿಮ್ಮನೇಲಿ ವಾಸ ಇದಾರಾ?"

ಅದು ನನ್ನ ಪ್ರಶ್ನೆ. ಸಾವಿರಾರು ಜನರನ್ನು ಮೇಜಿನ ಆಚೆ ನಿಲ್ಲಿಸಿ ನಾನು ಕೇಳಿದ ಪ್ರಶ್ನೆ. ಮೊದಲ ಬಾರಿಗೆ ನಾನು ಮೇಜಿನ ಈಚೆ ಇದ್ದೆ, ನನ್ನ ನಾಲಿಗೆ ತೊದಲಿತು.

"ಇದಾಳೆ ಸಾರ್. ಆ ಹತ್ತು ದಿನ ಇರಲಿಲ್ಲ. ಯಾರೂ ಇರಲಿಲ್ಲ. ಹಾಲುಕ್ಕಿಸಿ ಪಾತ್ರೆ ಇಟ್ಟಿದ್ದು ನಾನು. ಆಷಾಢ ಬರುತ್ತೆ ಅಂತ ತಾರೀಖು ಹಿಂದಕ್ಕೆ ಹಾಕ್ದೆ. ಅವ್ಳಿಗೆ ಓದಕ್ಕೆ ಬರಲ್ಲ, ನಂಬಿ ಸಹಿ ಮಾಡಿದ್ಲು. ತಪ್ಪು ನಂದು."

ಎರಡನೆಯ ಕಾಗದವನ್ನು ತೆಗೆದುಕೊಟ್ಟೆ. ಅವರು ಓದಿದರು, ಹಣೆ ಉಜ್ಜಿಕೊಂಡರು. "ನಮ್ಮಮ್ಮನೂ ಇದೇ ಮಾಡೋದು" ಅಂದರು. ಆಮೇಲೆ ಮುಖ ಗಂಟು ಹಾಕಿ, "ಆದ್ರೆ ಅವ್ರು ಅದನ್ನ ಛಾಪಾ ಕಾಗದದ ಮೇಲೆ ಬರೆಯಲ್ಲ ಮೇಡಂ. ಈ ಹುಡುಗಿ ಓದು ನಿಂತುಹೋಗ್ತಿತ್ತು" ಎಂದರು. ಮಗನ ವಯಸ್ಸಿನವರ ಕೈಲಿ ಬೈಸಿಕೊಂಡು ತಲೆ ತಗ್ಗಿಸಿ ನಿಂತೆ. ಅವಳು ಬಂದ ನಿಜವಾದ ದಿನ ಹಾಕಿ ಹೊಸ ಕರಾರು ಮಾಡಿಸಿ ಮಾರನೆಯ ದಿನವೇ ಕಳಿಸಬೇಕೆಂದರು. ಆಷಾಢದ ತಾರೀಖು ಹಾಕಿ ಬರೆದೆ. ಹದಿನಾಲ್ಕನೆಯ ದಿನ ಸಂಜೆಯೊಳಗೆ ಅವಳ ವಿಳಾಸ ದಾಖಲಾಯಿತು. ಅವಳ ಮೇಲೆ ತಪ್ಪು ಹೊರಿಸಿ ಬರೆದಿದ್ದ ಮೊದಲ ಕಾಗದವನ್ನು ಸ್ನಾನದ ಒಲೆಗೆ ಹಾಕಿದೆ.

ಕಚೇರಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು. "ನಾನು ಧನ್ಯವಾದ ಹೇಳುವುದಿಲ್ಲ. ನೀವು ಕೆಡಿಸಿದ್ದನ್ನು ನೀವು ಸರಿ ಮಾಡಿದಿರಿ, ಅಷ್ಟೇ." ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದಾದ ಮೇಲೆ ನಾವು ತಾಯಿ ಮಗಳಂತೆ ಆದೆವು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆಗಲಿಲ್ಲ. ನೀರಿನ ಮೋಟಾರಿಗೆ, ಒಣಗುವ ಬಟ್ಟೆಗೆ, ಗೇಟಿನ ಬೀಗಕ್ಕೆ ವರ್ಷಪೂರ್ತಿ ಜಗಳವಾಡಿದೆವು. ಒಂದು ದಿನ ಮೇಲಿನಿಂದ ಮುದ್ದೆಯ ವಾಸನೆ ಬಂತು. ಬಾಗಿಲು ತಟ್ಟಿ ಹೋಗಿ ನೋಡಿದರೆ ಇವಳು ರಾಗಿ ಮುದ್ದೆ ತಿರುವಿಟ್ಟುಕೊಂಡು ಕಚಕಚ ಅಗಿಯುತ್ತಿದ್ದಾಳೆ. "ಮುದ್ದೆ ಅಗಿಯಬಾರದು, ನುಂಗಬೇಕು" ಅಂದೆ. "ರಾಗಿ ನಮ್ಮ ಕಡೆಯಿಂದಲೇ ನಿಮ್ಮ ಕಡೆಗೆ ಬಂದದ್ದು ಮೇಡಂ. ತಿನ್ನುವುದನ್ನು ನೀವು ಹೇಳಿಕೊಡಬೇಡಿ" ಅಂದಳು. ನಮ್ಮ ರಾಗಿಯನ್ನು ತಮ್ಮದು ಅನ್ನುತ್ತಾಳಲ್ಲ ಎಂದು ಮೂರು ದಿನ ಮಾತು ಬಿಟ್ಟೆ. ಆಮೇಲೆ ಒಬ್ಬರು ಮೇಷ್ಟರನ್ನು ಕೇಳಿದೆ. ಅವಳು ಹೇಳಿದ್ದು ನಿಜವಂತೆ. ಅವಳಿಗೆ ಅದನ್ನು ಹೇಳಲು ಹೋಗಲಿಲ್ಲ. ಅಂಗಡಿಯವನಿಗೆ ಮಾತ್ರ ಒಂದು ದಿನ ಎಲ್ಲರೆದುರು, "ಚಿಲ್ಲರೆ ಕೈಗೆ ಕೊಡಪ್ಪಾ, ಕೈ ಇದೆ ಅವ್ಳಿಗೆ" ಅಂದೆ. ಇವಳು ನನ್ನನ್ನೇ ದುರುಗುಟ್ಟಿ ನೋಡಿ, "ನನ್ನ ಜಗಳ ನಾನು ಆಡುತ್ತೇನೆ" ಅಂದಳು.

ಹನ್ನೊಂದು ತಿಂಗಳು ಮುಗಿದ ಮೇಲೂ ಪರೀಕ್ಷೆಗೆಂದು ಉಳಿದಳು. ಮತ್ತೆ ಜ್ಯೇಷ್ಠದ ಕೊನೆ ಬಂತು. ಕಾಲೇಜಿನ ಹತ್ತಿರವೇ ಅವಳಿಗೆ ಬೇರೆ ಮನೆ ಸಿಕ್ಕಿತು. ವಿಳಾಸ ಬದಲಾಯಿಸಲು ನನ್ನಿಂದ ಒಂದು ಪತ್ರ ಬೇಕಿತ್ತು. ನನಗೂ ಅವಸರವಿತ್ತು. ಮುನಿರಾಜು ಬೇರೆಯವರನ್ನು ಗೊತ್ತುಮಾಡಿದ್ದ, ಅವರ ಹೆಸರಿನಲ್ಲಿ ಹಾಲುಕ್ಕಿಸಲು ಅಮಾವಾಸ್ಯೆಗೆ ಮುಂಚೆ ಉಳಿದಿದ್ದ ಒಳ್ಳೆಯ ದಿನ ಅದೊಂದೇ. ಬೆಳಿಗ್ಗೆಯೇ ಕೂತು ಬರೆದೆ. ಇಂಥವರು ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸವಾಗಿದ್ದು, ಈ ದಿವಸ ಮನೆ ಖಾಲಿ ಮಾಡಿರುತ್ತಾರೆ. ಸಹಿ ಹಾಕಿ, ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಮೇಲೆ ಹೋಗಿ ತಟ್ಟಿದೆ.

ಅವಳು ನೆಲದ ಮೇಲೆ ಕೂತು ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಳು. ಒಲೆಯ ಮೇಲೆ ಅವಳ ಅನ್ನ ಬೇಯುತ್ತಿತ್ತು. ಪತ್ರ ತೆಗೆದುಕೊಂಡಳು. ಆ ವರ್ಷದಲ್ಲಿ ಯಾರಿಗೂ ಹೇಳದೆ ಕನ್ನಡ ಓದುವುದನ್ನು ಕಲಿತಿದ್ದಳು. ನನಗೆ ಗೊತ್ತಿರಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿದಳು. ಪಾತ್ರೆಯ ಕಡೆ ನೋಡಿದಳು. ಪತ್ರವನ್ನು ನನಗೇ ವಾಪಸ್ ಕೊಟ್ಟಳು.

"ನಾನು ಹೋಗೋದು ನಾಳೆ" ಅಂದಳು, ಕನ್ನಡದಲ್ಲಿ. "ಇವತ್ತು ನಾನು ಇಲ್ಲೇ ಇದೀನಿ."

ನಾನು ಅಲ್ಲೇ ನಿಂತಿದ್ದೆ. ಹೋದ ವರ್ಷ ಅವಳಿಲ್ಲದಾಗ ಇದ್ದಾಳೆಂದು ಬರೆದಿದ್ದೆ. ಈಗ ಕಣ್ಣೆದುರು ಕೂತಿದ್ದಾಗ ಇಲ್ಲವೆಂದು ಬರೆದಿದ್ದೆ. ಹೊಸಕೋಟೆಯ ಆ ಮನೆಯವರು ನನ್ನ ಮುಖ ನೋಡಿಕೊಂಡೇ ಹೇಳಿದ ಮಾತನ್ನು ನಾನು ಕಾಗದದ ಮೇಲೆ ಹೇಳಿದ್ದೆ. ಕೆಳಗೆ ಬಂದು ಅದನ್ನು ಹರಿದು, ಮಾರನೆಯ ದಿನದ ತಾರೀಖು ಹಾಕಿ ಬೇರೆ ಪತ್ರ ಬರೆದೆ. ತಂದಿದ್ದ ಹಾಲನ್ನು ಕಾಫಿಗೆ ಬಳಸಿಕೊಂಡೆ. ಒಳ್ಳೆಯ ದಿನ ಕಳೆದುಹೋಯಿತು. ಅಂದಿನಿಂದ ನನ್ನ ಮೇಲಿನ ಮನೆಯಲ್ಲಿ ಬಂದವರು ಬಂದ ದಿನವೇ ಹಾಲುಕ್ಕಿಸುತ್ತಾರೆ, ಆಷಾಢವಾದರೂ ಸರಿ.

ಮಾರನೆಯ ದಿನ ಹತ್ತು ಗಂಟೆಗೆ ಆಟೋ ಬಂತು. ಒಂದು ಪೆಟ್ಟಿಗೆಯನ್ನು ನಾನು ಇಳಿಸಿದೆ, ಅವಳು ಬೇಡ ಅನ್ನಲಿಲ್ಲ. ಆಟೋದಲ್ಲಿ ಕೂತು ಪತ್ರ ಬಿಡಿಸಿ, ಎರಡು ತಾರೀಖನ್ನೂ ನೋಡಿ, ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ನನ್ನ ಕಡೆ ತಿರುಗಿ ನೋಡದೆ ಹೊರಟುಹೋದಳು.